ಶಾಲಾ ಮಂಡಳಿಯ ಸಭೆಯೂ ಲೈಸೆನ್ಸಿನ ಪಿಸ್ತೂಲೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿರುವ ಮಗನನ್ನೋ ಮಗಳನ್ನೋ ನೋಡಲೆಂದು ಮುಂಬಯಿ, ಪುಣೆ, ಹೈದರಾಬಾದುಗಳಿಂದ ಹೋಗಿ ಬಂದ ಹಿರಿಯರು ಅಲ್ಲಿನ ರಸ್ತೆ, ಅಂಗಡಿ, ಆಸ್ಪತ್ರೆಗಳ ವಿಚಾರವಾಗಿ ಬಹಳಷ್ಟು ಹೇಳುತ್ತಾರೆ. ಅಲ್ಲಿನ ಶಾಲಾ ಮಂಡಳಿಯ ವಿಚಾರವಾಗಿ ಹೇಳುವವರು ಅಪರೂಪ. ಆದರೆ ಮೊಮ್ಮಕ್ಕಳು ಓದುವ ಪುಸ್ತಕ, ಅವರನ್ನು ಕರೆದೊಯ್ಯುವ ಹಳದಿ ಬಸ್ಸು, ಶಿಕ್ಷಕರ ಸಂಬಳ ಇವೆಲ್ಲವೂ ನಿರ್ಧಾರವಾಗುವುದು ಈ ಮಂಡಳಿಯ ಮೇಜಿನ ಮೇಲೆಯೇ. ಬಹುತೇಕ ಊರುಗಳಲ್ಲಿ ಮನೆಯ ಮೇಲೆ ಬೀಳುವ ತೆರಿಗೆಯ ದೊಡ್ಡ ಪಾಲೂ ಶಾಲೆಗಳಿಗೇ ಸಲ್ಲುತ್ತದೆ.

ಆ ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಇವು ನಮ್ಮ ಕಂದಾಯ ಜಿಲ್ಲೆಗಳಂತೆ ದೊಡ್ಡವೇನೂ ಅಲ್ಲ. ಕೆಲವು ಜಿಲ್ಲೆಗಳಲ್ಲಿ ಲಕ್ಷಾಂತರ ವಿದ್ಯಾರ್ಥಿಗಳಿದ್ದರೆ ಇನ್ನು ಕೆಲವಲ್ಲಿ ಇರುವುದು ಒಂದೇ ಶಾಲೆ. ಪ್ರತಿಯೊಂದಕ್ಕೂ ಒಂದು ಮಂಡಳಿ. ಅದರ ಸದಸ್ಯರನ್ನು ಬಹುತೇಕ ಕಡೆಗಳಲ್ಲಿ ಊರಿನ ಮತದಾರರೇ ಆರಿಸುತ್ತಾರೆ. ಅವರಲ್ಲಿ ಅನೇಕರಿಗೆ ಸಂಬಳವಿಲ್ಲ. ಹಗಲು ತಮ್ಮ ತಮ್ಮ ಉದ್ಯೋಗ, ಸಂಜೆ ಮಂಡಳಿಯ ಕೆಲಸ. ಸಭೆ ಸಾರ್ವಜನಿಕರಿಗೆ ತೆರೆದಿರಬೇಕೆಂಬುದು ಕಾನೂನು. ಸಭೆಯ ಒಂದು ಭಾಗದಲ್ಲಿ ಯಾವ ತಂದೆಯಾದರೂ ತಾಯಿಯಾದರೂ ಚೀಟಿಯಲ್ಲಿ ಹೆಸರು ಬರೆದುಕೊಟ್ಟು ಧ್ವನಿವರ್ಧಕದ ಮುಂದೆ ಎರಡು ಮೂರು ನಿಮಿಷ ಮಾತನಾಡಬಹುದು, ಮಂಡಳಿಯನ್ನು ಬಯ್ಯಲೂಬಹುದು. ದೊಡ್ಡ ದೇಶದ ದೊಡ್ಡ ಸರಕಾರ ಸಾಮಾನ್ಯ ಮನುಷ್ಯನಿಗೆ ಇಷ್ಟು ಹತ್ತಿರದಲ್ಲಿ ಬಂದು ಕುಳಿತುಕೊಳ್ಳುವ ಸ್ಥಳ ಬೇರೊಂದಿಲ್ಲ.

ಈ ಹತ್ತಿರದಿಂದಲೇ ಒಂದು ಪ್ರಶ್ನೆ ಹುಟ್ಟಿದೆ. ಸರಕಾರದಿಂದ ಕ್ರಮಬದ್ಧವಾಗಿ ಲೈಸೆನ್ಸು ಪಡೆದಿರುವ ನಾಗರಿಕನೊಬ್ಬ ಸೊಂಟದಲ್ಲಿ ಪಿಸ್ತೂಲನ್ನಿಟ್ಟುಕೊಂಡು ಈ ಸಭೆಯಲ್ಲಿ ಬಂದು ಕುಳಿತುಕೊಳ್ಳಬಹುದೇ? ಇದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಒಂದೇ ಉತ್ತರವಿಲ್ಲ. ರಾಜ್ಯ ಬದಲಾದರೆ ಉತ್ತರ ಬದಲಾಗುತ್ತದೆ. ಒಂದೇ ರಾಜ್ಯದಲ್ಲಿ ಕಟ್ಟಡ ಬದಲಾದರೂ ಬದಲಾಗುತ್ತದೆ. ಟೆಕ್ಸಸ್ ರಾಜ್ಯದಲ್ಲಂತೂ ಕೋಣೆ ಬದಲಾದರೆ ಸಾಕು.

ಪನಾಮಾ ಸಿಟಿಯ ಘಟನೆ

ಫ್ಲಾರಿಡಾ ರಾಜ್ಯದ ಪನಾಮಾ ಸಿಟಿಯಲ್ಲಿ 2010ರ ಡಿಸೆಂಬರ್ 14ರಂದು ಬೇ ಜಿಲ್ಲೆಯ ಶಾಲಾ ಮಂಡಳಿ ಸೇರಿತ್ತು. ಸಾರ್ವಜನಿಕರು ಮಾತನಾಡುವ ಸರದಿ ಬಂದಾಗ 56 ವರ್ಷದ ಒಬ್ಬ ಮನುಷ್ಯ ಎದ್ದು ಮುಂದೆ ಬಂದ. ಗೋಡೆಯ ಮೇಲೆ ಕೆಂಪು ಬಣ್ಣದಿಂದ ಒಂದು ವೃತ್ತ ಬಳಿದು ಅದರೊಳಗೆ 'ವಿ' ಅಕ್ಷರವನ್ನು ಬರೆದು, ತಿರುಗಿ ಪಿಸ್ತೂಲು ಹಿಡಿದ. ಹೆಂಗಸರನ್ನೂ ಸಭಿಕರನ್ನೂ ಹೊರಗೆ ಕಳುಹಿಸಿ, ಮಂಡಳಿಯ ಪುರುಷ ಸದಸ್ಯರನ್ನು ಮಾತ್ರ ಉಳಿಸಿಕೊಂಡ. ತನ್ನ ಹೆಂಡತಿಯನ್ನು ಶಾಲೆಯ ಕೆಲಸದಿಂದ ತೆಗೆದುಹಾಕಿದ್ದಾರೆ ಎಂಬುದು ಅವನ ದೂರಾಗಿತ್ತು. ಸ್ಥಳೀಯ ದೂರದರ್ಶನದ ಕ್ಯಾಮರಾ ಸಭೆಯನ್ನು ಚಿತ್ರಿಸುತ್ತಿದ್ದುದರಿಂದ ಮುಂದಿನ ಕೆಲವು ನಿಮಿಷಗಳನ್ನು ಇಡೀ ಜಗತ್ತು ನೋಡಿತು.

ಹೊರಗೆ ಹೋದವರಲ್ಲಿ ಮಂಡಳಿಯ ಸದಸ್ಯೆ ಜಿಂಜರ್ ಲಿಟ್ಲ್‌ಟನ್ ಎಂಬವರಿದ್ದರು. ಸಹೋದ್ಯೋಗಿಗಳನ್ನು ಬಿಟ್ಟುಹೋಗಲು ಆಕೆಯ ಮನಸ್ಸು ಒಪ್ಪಲಿಲ್ಲ. ಹಿಂದಿನಿಂದ ಮೆಲ್ಲಗೆ ಒಳಗೆ ಬಂದು ತಮ್ಮ ಕೈಚೀಲವನ್ನು ಬೀಸಿ ಅವನ ಪಿಸ್ತೂಲಿನ ಮೇಲೆ ಹೊಡೆದರು. ಪಿಸ್ತೂಲು ಬೀಳಲಿಲ್ಲ, ಆಕೆಯೇ ನೆಲಕ್ಕೆ ಬಿದ್ದರು. ಅವನು ಆಕೆಯ ಮೇಲೆ ಗುಂಡು ಹಾರಿಸದೆ ಹೊರಗೆ ಅಟ್ಟಿದ. ಸುಪರಿಂಟೆಂಡೆಂಟ್ ಬಿಲ್ ಹಸ್‌ಫೆಲ್ಟ್ ಅವರು ಶಾಂತವಾಗಿಯೇ ಮಾತನಾಡುತ್ತ, ಉಳಿದವರದೇನೂ ತಪ್ಪಿಲ್ಲ, ಅವರನ್ನು ಬಿಟ್ಟುಬಿಡಬೇಕೆಂದು ಬೇಡಿಕೊಂಡರು. ಕೆಲವೇ ಅಡಿಗಳ ದೂರದಿಂದ ಅವನು ಅವರತ್ತ ಗುಂಡು ಹಾರಿಸಿದ. ಅದು ತಗಲಲಿಲ್ಲ. ಅಷ್ಟರಲ್ಲಿ ಜಿಲ್ಲೆಯ ಭದ್ರತಾ ಮುಖ್ಯಸ್ಥ, ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದ ಮೈಕ್ ಜೋನ್ಸ್ ಅವರು ಒಳನುಗ್ಗಿ ಅವನನ್ನು ಗುಂಡಿನಿಂದ ಗಾಯಗೊಳಿಸಿದರು. ಅವನು ಕೆಳಗೆ ಬಿದ್ದು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಬೇರೆ ಯಾರಿಗೂ ಗುಂಡು ತಗಲಲಿಲ್ಲ ಎಂಬುದನ್ನು ಪವಾಡವೆಂದೇ ಹೇಳಬೇಕು. ಈ ಜೋನ್ಸ್ ಅವರು ಪ್ರತಿ ವರ್ಷ ಮುರಿದ ಆಟಿಕೆಗಳನ್ನೂ ಸೈಕಲ್ಲುಗಳನ್ನೂ ದುರಸ್ತಿ ಮಾಡಿ ಕ್ರಿಸ್‌ಮಸ್ ಸಮಯದಲ್ಲಿ ಬಡ ಮಕ್ಕಳಿಗೆ ಹಂಚುವವರೆಂದು ಆ ಊರಿಗೆಲ್ಲ ಪರಿಚಿತರು. ಗುಂಡು ಹಾರಿಸಬೇಕಾಗಿ ಬಂದದ್ದು ಕ್ರಿಸ್‌ಮಸ್ಸಿಗೆ 11 ದಿನ ಮೊದಲು.

ಈ ಘಟನೆಯನ್ನು ಎರಡು ಪಕ್ಷದವರೂ ತಮ್ಮ ಸಾಕ್ಷಿಯೆಂದು ಕರೆಯುತ್ತಾರೆ. ಬಂದೂಕನ್ನು ನಿಲ್ಲಿಸಿದ್ದು ಬಂದೂಕೇ ಅಲ್ಲವೇ ಎಂದು ಒಬ್ಬರು ಕೇಳುತ್ತಾರೆ. ನಿಲ್ಲಿಸಿದ್ದು ಸಭಿಕರಲ್ಲೊಬ್ಬನ ಬಂದೂಕಲ್ಲ, ಅದೇ ಕೆಲಸಕ್ಕೆಂದು ನೇಮಕಗೊಂಡು ಅದರಲ್ಲೇ ಪಳಗಿದ ಅಧಿಕಾರಿಯ ಬಂದೂಕು ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ವಾಸ್ತವಾಂಶ ಎರಡನೆಯವರ ಕಡೆಗೇ ಹೆಚ್ಚು ವಾಲುತ್ತದೆ ಎನ್ನಬೇಕಾಗುತ್ತದೆ. ಬ್ಯಾಂಕಿನ ಬಾಗಿಲಲ್ಲಿ ಜೋಡಿನಳಿಗೆಯ ಬಂದೂಕು ಹಿಡಿದು ನಿಲ್ಲುವ ಪಹರೆಯವನನ್ನು ಕಂಡು ಗಿರಾಕಿಗೆ ಭಯವಾಗುವುದಿಲ್ಲ; ಅವನು ಯಾರು, ಯಾರಿಗೆ ಉತ್ತರ ಹೇಳಬೇಕಾದವನು ಎಂಬುದು ಎಲ್ಲರಿಗೂ ಗೊತ್ತು. ಕೌಂಟರಿನ ಮುಂದಿನ ಸಾಲಿನಲ್ಲಿ ನಿಂತಿರುವ ಹತ್ತು ಮಂದಿಯ ಕೋಟಿನೊಳಗೂ ಒಂದೊಂದು ಪಿಸ್ತೂಲಿದ್ದರೆ ಪರಿಸ್ಥಿತಿ ಬೇರೆ.

ಫ್ಲಾರಿಡಾದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗುಪ್ತವಾಗಿ ಶಸ್ತ್ರ ಧರಿಸಲು ಲೈಸೆನ್ಸು ಕೊಡುವ ಶಾಸನವೇ ಆ ಲೈಸೆನ್ಸು ಎಲ್ಲೆಲ್ಲಿ ನಡೆಯದು ಎಂಬುದನ್ನೂ ಹೇಳುತ್ತದೆ. ಕೌಂಟಿ, ನಗರಸಭೆಗಳ ಜೊತೆಗೆ ಸಾರ್ವಜನಿಕ ಶಾಲಾ ಜಿಲ್ಲೆಯ ಆಡಳಿತ ಮಂಡಳಿಯ ಸಭೆಯನ್ನೂ ಅಲ್ಲಿ ಹೆಸರಿಸಿಯೇ ಬರೆಯಲಾಗಿದೆ. ಸಭೆ ಶಾಲೆಯಲ್ಲಿ ನಡೆಯಲಿ, ಕಚೇರಿಯಲ್ಲಿ ನಡೆಯಲಿ, ಬಾಡಿಗೆಯ ಮಂಟಪದಲ್ಲಿ ನಡೆಯಲಿ, ಸಭೆ ಸಭೆಯೇ. 2023ರ ಜುಲೈ 1ರಿಂದ ಆ ರಾಜ್ಯದಲ್ಲಿ ಗುಪ್ತವಾಗಿ ಶಸ್ತ್ರ ಧರಿಸಲು ಲೈಸೆನ್ಸೇ ಬೇಡವೆಂದಾದಾಗಲೂ ಈ ಪಟ್ಟಿಯನ್ನು ತೆಗೆದುಹಾಕಲಿಲ್ಲ. ಪನಾಮಾ ಸಿಟಿಯ ಆ ಮನುಷ್ಯನಿಗೆ ಹಿಂದೆ ಗಂಭೀರ ಅಪರಾಧಕ್ಕಾಗಿ ಶಿಕ್ಷೆಯಾಗಿತ್ತು. ಬಂದೂಕು ಇಟ್ಟುಕೊಳ್ಳುವ ಹಕ್ಕೇ ಅವನಿಗಿರಲಿಲ್ಲ. ಹೀಗಾಗಿ ಯಾವ ಲೈಸೆನ್ಸಿನ ಕಾನೂನೂ ಅವನನ್ನು ತಡೆಯುತ್ತಿರಲಿಲ್ಲ ಎಂಬ ವಾದವನ್ನು ಅಲ್ಲಗಳೆಯಲಾಗದು. ಆದರೆ ಕಾನೂನು ಇರುವುದು ಅವನೊಬ್ಬನಿಗಾಗಿ ಮಾತ್ರವಲ್ಲ.

ಸಾವಿರ ಅಡಿಗಳ ವಲಯ

ಮೊದಲು ಕೇಂದ್ರದ ಕಾನೂನನ್ನು ನೋಡಬೇಕು. ಅಮೆರಿಕದ ಕಾಂಗ್ರೆಸ್ 1990ರಲ್ಲಿ ಬಂದೂಕುರಹಿತ ಶಾಲಾ ವಲಯ ಶಾಸನವನ್ನು ಮಾಡಿತು. ಶಾಲೆಯ ಆವರಣದಲ್ಲಿಯೂ ಅದರ ಸುತ್ತ 1,000 ಅಡಿ, ಅಂದರೆ ಸುಮಾರು 305 ಮೀಟರುಗಳ ಒಳಗೂ ಬಂದೂಕು ಇಟ್ಟುಕೊಳ್ಳುವುದು ಅಪರಾಧವೆಂದು ಸಾರಿತು. ಎರಡು ವರ್ಷಗಳ ನಂತರ, 1992ರ ಮಾರ್ಚಿಯಲ್ಲಿ, ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ 12ನೆಯ ತರಗತಿಯ ವಿದ್ಯಾರ್ಥಿಯೊಬ್ಬ ಶಾಲೆಗೆ ರಿವಾಲ್ವರ್ ತಂದು ಸಿಕ್ಕಿಬಿದ್ದ. ಈ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1995ರ ಏಪ್ರಿಲ್ 26ರಂದು ಐವರು ನ್ಯಾಯಮೂರ್ತಿಗಳು ನಾಲ್ವರ ವಿರುದ್ಧ ನಿಂತು ಶಾಸನವನ್ನೇ ರದ್ದುಗೊಳಿಸಿದರು. ಅದೇ ಪ್ರಖ್ಯಾತ ಲೋಪೆಝ್ ತೀರ್ಪು.

ವಾಣಿಜ್ಯಶಾಸ್ತ್ರ ಓದಿದವರಿಗೆ ಈ ತೀರ್ಪಿನಲ್ಲಿ ವಿಶೇಷ ಸ್ವಾರಸ್ಯವಿದೆ. ಅಲ್ಲಿನ ಸಂವಿಧಾನದ ಪ್ರಕಾರ ಶಾಲೆಯೂ ಸಾಮಾನ್ಯ ಅಪರಾಧಗಳೂ ರಾಜ್ಯಗಳ ವಿಷಯ. ಕೇಂದ್ರಕ್ಕಿರುವುದು ರಾಜ್ಯ ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರ. ಆದುದರಿಂದ ಸರಕಾರದ ವಕೀಲರು ಒಂದು ಉದ್ದನೆಯ ಸರಪಳಿಯನ್ನು ಹೆಣೆದರು: ಶಾಲೆಯಲ್ಲಿ ಬಂದೂಕಿದ್ದರೆ ಹಿಂಸೆ, ಹಿಂಸೆಯಿಂದ ವಿಮೆಯ ವೆಚ್ಚ, ಭಯದಿಂದ ಪ್ರಯಾಣ ಕಡಿಮೆ, ಓದು ಕೆಟ್ಟರೆ ದುಡಿಮೆಯ ಶಕ್ತಿ ಕಡಿಮೆ, ದುಡಿಮೆ ಕುಗ್ಗಿದರೆ ವಾಣಿಜ್ಯಕ್ಕೆ ನಷ್ಟ. ಹೀಗೆ ವಾದಿಸಿದರೆ ಕೇಂದ್ರದ ಕೈಗೆ ಸಿಗದ ವಿಷಯವೇ ಜಗತ್ತಿನಲ್ಲಿ ಉಳಿಯುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ತಮಾಷೆಯೆಂದರೆ ಆ ಹುಡುಗ ರಿವಾಲ್ವರನ್ನು ಇನ್ನೊಬ್ಬನಿಗೆ ತಲುಪಿಸಿ 40 ಡಾಲರ್ ಪಡೆಯುವವನಿದ್ದ. ವಾಣಿಜ್ಯವೇನೋ ನಡೆದಿತ್ತು, ಆದರೆ ಶಾಸನದಲ್ಲಿ ಅದರ ಪ್ರಸ್ತಾಪವಿರಲಿಲ್ಲ. 1996ರಲ್ಲಿ ಕಾಂಗ್ರೆಸ್ ಈ ಕೊರತೆಯನ್ನು ತುಂಬಿತು. ಬಂದೂಕು ಅಂತರರಾಜ್ಯ ವಾಣಿಜ್ಯದಲ್ಲಿ ಸಾಗಿ ಬಂದಿರಬೇಕು, ಇಲ್ಲವೇ ಅದಕ್ಕೆ ಸಂಬಂಧಪಟ್ಟಿರಬೇಕು ಎಂಬ ಮಾತನ್ನು ಸೇರಿಸಿ ಶಾಸನವನ್ನು ಮತ್ತೆ ಜಾರಿಗೆ ತಂದಿತು. ಅದು ಇಂದಿಗೂ ಉಳಿದಿದೆ.

ಅದರಲ್ಲಿರುವ ಒಂದು ವಿನಾಯಿತಿ ಇಲ್ಲಿ ಮುಖ್ಯ. ಶಾಲೆ ಇರುವ ರಾಜ್ಯವೇ ಅರ್ಹತೆಯನ್ನು ಪರಿಶೀಲಿಸಿ ಲೈಸೆನ್ಸು ಕೊಟ್ಟಿದ್ದರೆ ಅಂಥವನಿಗೆ ಕೇಂದ್ರದ ಈ ನಿಷೇಧ ಅನ್ವಯಿಸುವುದಿಲ್ಲ. ಅಂದರೆ ಲೈಸೆನ್ಸುದಾರನ ಮಟ್ಟಿಗೆ ಕೇಂದ್ರ ಸರಕಾರ ಕೈತೊಳೆದುಕೊಂಡು ಎಲ್ಲವನ್ನೂ ರಾಜ್ಯಕ್ಕೆ ಬಿಟ್ಟಿದೆ. 2024ರ ವೇಳೆಗೆ 29 ರಾಜ್ಯಗಳು ಲೈಸೆನ್ಸಿಲ್ಲದೆಯೇ ಗುಪ್ತವಾಗಿ ಪಿಸ್ತೂಲು ಧರಿಸಲು ಅವಕಾಶ ಕೊಟ್ಟಿದ್ದವು. ಆದರೂ ಆ ರಾಜ್ಯಗಳ ಜನ ಲೈಸೆನ್ಸಿಗಾಗಿ ಅರ್ಜಿ ಹಾಕುವುದನ್ನು ನಿಲ್ಲಿಸಿಲ್ಲ. ಇದಕ್ಕೆ ಈ ಸಾವಿರ ಅಡಿಯೂ ಒಂದು ಕಾರಣ. ಊರಿನೊಳಗೆ ಎತ್ತ ತಿರುಗಿದರೂ ಒಂದಲ್ಲ ಒಂದು ಶಾಲೆಯ ವಲಯವನ್ನು ದಾಟಬೇಕಾಗುತ್ತದಲ್ಲ!

ಕಟ್ಟಡವೋ, ಸಭೆಯೋ, ಕೋಣೆಯೋ?

ಶಾಲಾ ಮಂಡಳಿಯ ಸಭೆಗೆ ಎರಡು ಮುಖಗಳಿವೆ. ಒಂದು ಕಡೆ ಅದು ಶಾಲೆ. ಇನ್ನೊಂದು ಕಡೆ ಅದು ಸರಕಾರ. ಕಾನೂನು ಯಾವ ಮುಖವನ್ನು ನೋಡುತ್ತದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಕೇವಲ ಶಾಲೆಯ ಆವರಣವನ್ನು ನೋಡುವ ರಾಜ್ಯದಲ್ಲಿ, ಶಾಲೆಯ ಗ್ರಂಥಾಲಯದಲ್ಲಿ ಮಂಡಳಿ ಸೇರಿದರೆ ಪಿಸ್ತೂಲು ನಿಷಿದ್ಧ. ಅದೇ ಮಂಡಳಿ ಮರುತಿಂಗಳು ಊರಿನ ಮತ್ತೊಂದು ಬೀದಿಯಲ್ಲಿರುವ ಆಡಳಿತ ಕಚೇರಿಯಲ್ಲಿ ಸೇರಿದರೆ ನಿಷೇಧದ ಹೊರಗೆ ಉಳಿದುಬಿಡಬಹುದು. ಅದೇ ಸದಸ್ಯರು, ಅದೇ ಪೋಷಕರು, ಅದೇ ಜಗಳ. ಗೋಡೆ ಮಾತ್ರ ಬೇರೆ. ವರ್ಜೀನಿಯಾ ರಾಜ್ಯ ಈ ಬಿರುಕನ್ನು ಗಮನಿಸಿ 2021ರಲ್ಲಿ ಒಂದು ಶಾಸನ ಮಾಡಿತು. ಮಂಡಳಿಯ ಒಡೆತನದಲ್ಲಿರುವ ಅಥವಾ ಅದು ಬಾಡಿಗೆಗೆ ಪಡೆದಿರುವ, ನೌಕರರು ದಿನನಿತ್ಯ ಕೆಲಸ ಮಾಡುವ ಶಾಲೇತರ ಕಟ್ಟಡವನ್ನೂ ಬಂದೂಕುರಹಿತ ವಲಯವೆಂದು ಸಾರುವ ಅಧಿಕಾರ ಮಂಡಳಿಗಳಿಗೆ ದೊರೆಯಿತು.

ಟೆಕ್ಸಸ್ ರಾಜ್ಯದ ಕಥೆ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಶಾಲೆಯ ಕಟ್ಟಡದಲ್ಲಿ ಶಸ್ತ್ರ ನಿಷಿದ್ಧ. ಸರಕಾರಿ ಸಂಸ್ಥೆಯ ಸಭೆಗೆ ಪ್ರತ್ಯೇಕ ನಿಯಮವಿದೆ. ಮೊದಲು ಅದು 'ಯಾವುದೇ ಸಭೆ' ಎಂದಷ್ಟೇ ಇತ್ತು. ಸಭೆ ನಡೆಯುತ್ತಿದೆ ಎಂಬ ನೆಪದಲ್ಲಿ ಇಡೀ ಕಟ್ಟಡದಿಂದಲೇ ಲೈಸೆನ್ಸುದಾರರನ್ನು ದೂರವಿಡುತ್ತಾರೆಂಬ ದೂರು ಎದ್ದಿತು. 2015ರಲ್ಲಿ ಶಾಸನವನ್ನು ತಿದ್ದಿ, ಸಭೆ ನಡೆಯುವ 'ಕೋಣೆ ಅಥವಾ ಕೋಣೆಗಳಲ್ಲಿ' ಮಾತ್ರ, ಅದೂ ಕಾನೂನಿನಂತೆ ಮೊದಲೇ ತಿಳಿವಳಿಕೆ ಪತ್ರ ಹೊರಡಿಸಿದ ಬಹಿರಂಗ ಸಭೆಗೆ ಮಾತ್ರ ನಿಷೇಧವೆಂದು ಮಾಡಿದರು. ಹೀಗಾಗಿ ಆಡಳಿತ ಕಚೇರಿಯಲ್ಲಿ ಸಭೆಯಿದ್ದರೆ ಪಡಸಾಲೆಯಲ್ಲಿ ಪಿಸ್ತೂಲು ಕಾನೂನುಬದ್ಧ, ಹೊಸ್ತಿಲು ದಾಟಿದರೆ ಅಪರಾಧ ಎಂಬ ಪರಿಸ್ಥಿತಿ ಉಂಟಾಯಿತು. ಅದೇ ಶಾಸನ, ಲೈಸೆನ್ಸುದಾರರನ್ನು ಕಾನೂನಿನ ಆಧಾರವಿಲ್ಲದೆ ದೂರವಿಡುವ ಫಲಕ ಹಾಕಿದ ಸರಕಾರಿ ಸಂಸ್ಥೆಗೆ ಜುಲ್ಮಾನೆಯನ್ನೂ ವಿಧಿಸಿತು: ಮೊದಲ ತಪ್ಪಿಗೆ ದಿನಕ್ಕೆ 1,000 ಡಾಲರಿಗೆ ಕಡಿಮೆಯಿಲ್ಲದಷ್ಟು, ಮರಳಿ ಮಾಡಿದರೆ ದಿನಕ್ಕೆ 10,000ಕ್ಕೆ ಕಡಿಮೆಯಿಲ್ಲದಷ್ಟು. 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸಿಲ್ಲದೆ ಧರಿಸುವ ಅವಕಾಶ ಬಂದಾಗಲೂ ಸಭೆಯ ಕೋಣೆಯ ನಿಷೇಧ ಉಳಿಯಿತು. ಅಲ್ಲಿನ ಲೈಸೆನ್ಸುದಾರನಿಗೆ ಪ್ರವೇಶವಿಲ್ಲವೆಂದು ಸಾರುವ ಫಲಕ ಇಂಗ್ಲಿಷ್ ಹಾಗೂ ಸ್ಪ್ಯಾನಿಷ್ ಎರಡು ಭಾಷೆಗಳಲ್ಲಿಯೂ, ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿಯೂ ಇರಬೇಕು. ಹೊರನಾಡಿನಲ್ಲಿದ್ದುಕೊಂಡು ನಾಮಫಲಕದ ಭಾಷೆಯ ಗೊಂದಲಗಳನ್ನು ಕಂಡ ಕನ್ನಡಿಗರು ಈ ಒಂದು ವಿಷಯದಲ್ಲಿ ಟೆಕ್ಸಸ್ಸನ್ನು ಮೆಚ್ಚಬಹುದು.

ಇದರ ಜೊತೆಗೆ, ಶಾಲಾ ಸಂಸ್ಥೆ ಲಿಖಿತ ಅನುಮತಿ ಕೊಟ್ಟವರಿಗೆ ಶಾಲೆಯಲ್ಲಿ ನಿಷೇಧವಿಲ್ಲ ಎಂಬ ವಿನಾಯಿತಿಯೂ ಟೆಕ್ಸಸ್ ಕಾನೂನಿನಲ್ಲಿದೆ. ಆ ರಾಜ್ಯದ ಉತ್ತರ ಭಾಗದಲ್ಲಿರುವ ಹ್ಯಾರಲ್ಡ್ ಎಂಬ ಸಣ್ಣ ಊರಿನ ಮಂಡಳಿ ಇದನ್ನು ಉಪಯೋಗಿಸಿಕೊಂಡು, ಲೈಸೆನ್ಸುಳ್ಳ ತನ್ನ ಆಯ್ದ ನೌಕರರಿಗೆ ಪಿಸ್ತೂಲು ಧರಿಸಲು ಅನುಮತಿ ಕೊಟ್ಟಿತು. 2008ರಲ್ಲಿ ಈ ಸುದ್ದಿ ಹರಡಿದಾಗ ದೇಶವೆಲ್ಲ ಬೆರಗಾಯಿತು. ಒಂದೇ ಕಟ್ಟಡ, ನೂರು ಚಿಲ್ಲರೆ ಮಕ್ಕಳು, ಪೊಲೀಸರು ಬರಬೇಕಾದರೆ ಬಹುದೂರ. ಅಂಥ ಊರಿನವರು ಬೇರೆ ಏನು ಮಾಡಬೇಕಿತ್ತು ಎಂಬ ಪ್ರಶ್ನೆಯನ್ನು ಮಹಾನಗರಗಳಲ್ಲಿ ಕುಳಿತು ಲಘುವಾಗಿ ತಳ್ಳಿಹಾಕಲಾಗದು.

ಮಿಷಿಗನ್ ರಾಜ್ಯದಲ್ಲಿ ಕಾನೂನಿನ ಎರಡು ವಿಧಿಗಳು ಸೇರಿ ಒಂದು ವಿಚಿತ್ರವನ್ನು ಸೃಷ್ಟಿಸಿದ್ದವು. ಲೈಸೆನ್ಸುದಾರ ಶಾಲೆಯೊಳಗೆ ಪಿಸ್ತೂಲನ್ನು ಬಚ್ಚಿಟ್ಟುಕೊಂಡು ಹೋಗಬಾರದು. ಆದರೆ ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡು ಹೋದರೆ ರಾಜ್ಯದ ನಿಷೇಧ ಅವನನ್ನು ಮುಟ್ಟುತ್ತಿರಲಿಲ್ಲ! 2015ರ ಮಾರ್ಚಿಯಲ್ಲಿ ಆ್ಯನ್ ಆರ್ಬರ್ ನಗರದ ಪಯನಿಯರ್ ಪ್ರೌಢಶಾಲೆಯ ಗಾಯನ ಕಾರ್ಯಕ್ರಮಕ್ಕೆ ಒಬ್ಬ ಯುವಕ ಹೀಗೆಯೇ ಬಂದು ಕುಳಿತ. ಹಾಡುವ ಮಕ್ಕಳಲ್ಲಿ ಅವನ ತಂಗಿಯೂ ಇದ್ದಳು. ಅವನ ಉದ್ದೇಶ ಏನೇ ಇರಲಿ, ಸಭಾಂಗಣದಲ್ಲಿ ಸಂಗೀತ ಕೇಳುವ ಮನಃಸ್ಥಿತಿ ಉಳಿಯಲಿಲ್ಲ. ಮುಂದಿನ ತಿಂಗಳೇ ಅಲ್ಲಿನ ಶಾಲಾ ಮಂಡಳಿ ತನ್ನ ಎಲ್ಲ ಆವರಣಗಳಲ್ಲಿ ಬಂದೂಕನ್ನು ನಿಷೇಧಿಸಿತು. ಸ್ಥಳೀಯ ಸಂಸ್ಥೆಗಳು ಬಂದೂಕಿನ ಬಗ್ಗೆ ತಮ್ಮದೇ ನಿಯಮ ಮಾಡಬಾರದೆಂಬ ರಾಜ್ಯ ಕಾನೂನನ್ನು ಹಿಡಿದು ಬಂದೂಕುದಾರರ ಸಂಘ ದಾವೆ ಹೂಡಿತು. 2018ರ ಜುಲೈ 27ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಾಲ್ವರಿಗೆ ಮೂವರಂತೆ ತೀರ್ಪು ನೀಡಿತು. ಕಾನೂನಿನ ವ್ಯಾಖ್ಯೆಯಲ್ಲಿ ನಗರ, ಗ್ರಾಮ, ಟೌನ್‌ಶಿಪ್, ಕೌಂಟಿಗಳು ಮಾತ್ರ ಇವೆ; ಶಾಲಾ ಜಿಲ್ಲೆಯ ಹೆಸರಿಲ್ಲ; ಆದುದರಿಂದ ಮಂಡಳಿಯ ನಿಯಮ ಊರ್ಜಿತ ಎಂಬುದು ಅದರ ಸಾರ. ಮಕ್ಕಳ ರಕ್ಷಣೆಯ ಇಷ್ಟು ದೊಡ್ಡ ಪ್ರಶ್ನೆ ಒಂದು ಪಟ್ಟಿಯಲ್ಲಿ ಒಂದು ಪದ ಬಿಟ್ಟುಹೋಗಿದೆಯೇ ಇಲ್ಲವೇ ಎಂಬುದರ ಮೇಲೆ ನಿರ್ಧಾರವಾಯಿತು. ಪತ್ರವ್ಯವಹಾರದಲ್ಲಿ ತಲೆ ನರೆಸಿಕೊಂಡವರಿಗೆ ಇದು ಆಶ್ಚರ್ಯವೆನಿಸಲಾರದು.

ಆರೆಗನ್ ರಾಜ್ಯದಲ್ಲಿ 2021ರವರೆಗೂ ಲೈಸೆನ್ಸುದಾರರನ್ನು ತಡೆಯುವ ಅಧಿಕಾರ ಶಾಲಾ ಜಿಲ್ಲೆಗಳಿಗೆ ಇರಲಿಲ್ಲ. ಆ ವರ್ಷದ ಶಾಸನ ಅದನ್ನು ಕೊಟ್ಟಿತು, ಆದರೆ ಕಡ್ಡಾಯ ಮಾಡಲಿಲ್ಲ. ಯೂಟಾ ರಾಜ್ಯದಲ್ಲಿ ಪರವಾನಗಿ ಉಳ್ಳವನು ಶಾಲೆಗೂ ಪಿಸ್ತೂಲು ಒಯ್ಯಬಹುದು.

ದೇಶದ ಸರ್ವೋಚ್ಚ ನ್ಯಾಯಾಲಯ ಈ ಸಭೆಗಳ ಬಗ್ಗೆ ನೇರವಾಗಿ ಏನನ್ನೂ ಹೇಳಿಲ್ಲ. ಆದರೆ 2008ರ ಹೆಲ್ಲರ್ ತೀರ್ಪಿನಲ್ಲಿ, ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಮೊದಲ ಬಾರಿಗೆ ಒಪ್ಪಿದಾಗಲೇ, ಶಾಲೆ ಮತ್ತು ಸರಕಾರಿ ಕಟ್ಟಡಗಳಂಥ ಸೂಕ್ಷ್ಮ ಸ್ಥಳಗಳಲ್ಲಿ ಅದನ್ನು ನಿಷೇಧಿಸುವ ಕಾನೂನುಗಳ ಮೇಲೆ ಸಂಶಯ ಬೇಡವೆಂದೂ ಹೇಳಿತ್ತು. ಮನೆಯ ಹೊರಗೂ ಪಿಸ್ತೂಲು ಧರಿಸುವ ಹಕ್ಕನ್ನು ಎತ್ತಿಹಿಡಿದ 2022ರ ಬ್ರುಯೆನ್ ತೀರ್ಪು ಆ ಮಾತನ್ನು ಮತ್ತೆ ನೆನೆದು, ಶಾಸನಸಭೆ, ಮತಗಟ್ಟೆ, ನ್ಯಾಯಾಲಯಗಳನ್ನು ಇತಿಹಾಸದಿಂದ ಬಂದ ಉದಾಹರಣೆಗಳೆಂದು ಹೆಸರಿಸಿತು. ಶಾಲಾ ಮಂಡಳಿಯ ಸಭೆ ಶಾಲೆಯೂ ಹೌದು, ಒಂದರ್ಥದಲ್ಲಿ ಊರಿನ ಶಾಸನಸಭೆಯೂ ಹೌದು. ಹೀಗಿರುವಾಗ ನಿಷೇಧಿಸಲು ರಾಜ್ಯಕ್ಕೆ ಅಧಿಕಾರವಿಲ್ಲ ಎಂಬ ವಾದ ಗಟ್ಟಿಯಾಗಿ ನಿಲ್ಲುವುದು ಕಷ್ಟ. ನಿಷೇಧಿಸಲೇಬೇಕು ಎಂದು ಮಾತ್ರ ಯಾವ ನ್ಯಾಯಾಲಯವೂ ರಾಜ್ಯಗಳಿಗೆ ಹೇಳಿಲ್ಲ.

ಮಾತನಾಡಲು ಎದ್ದವರ ಪಾಡು

ಧರಿಸಲು ಬಿಡಬೇಕು ಎನ್ನುವವರ ವಾದವನ್ನು ನ್ಯಾಯವಾಗಿ ಮುಂದಿಡಬೇಕಾದರೆ ಸುಝಾನಾ ಹಪ್ ಅವರ ಹೆಸರು ಹೇಳಲೇಬೇಕು. ಟೆಕ್ಸಸ್ ರಾಜ್ಯದ ಕಿಲೀನ್ ಎಂಬ ಊರಿನ ಉಪಾಹಾರ ಗೃಹವೊಂದರಲ್ಲಿ 1991ರ ಅಕ್ಟೋಬರ್ 16ರಂದು ಒಬ್ಬ ಹಂತಕ 23 ಮಂದಿಯನ್ನು ಕೊಂದ. ಹಪ್ ಅವರ ತಂದೆ ತಾಯಿ ಇಬ್ಬರೂ ಅಲ್ಲಿಯೇ ಸತ್ತರು. ಆಕೆಯ ರಿವಾಲ್ವರ್ ಹೊರಗೆ ನಿಲ್ಲಿಸಿದ್ದ ಕಾರಿನಲ್ಲಿತ್ತು. ಜೊತೆಯಲ್ಲಿಟ್ಟುಕೊಂಡು ಒಳಗೆ ಬರುವುದು ಅಂದಿನ ಕಾನೂನಿಗೆ ವಿರುದ್ಧವಾಗಿತ್ತು. ಕಾನೂನನ್ನು ಪಾಲಿಸಿದ ಮಗಳು ಹೆತ್ತವರನ್ನು ಕಳೆದುಕೊಂಡರು. ಮುಂದೆ ಆಕೆ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು. ಟೆಕ್ಸಸ್ ರಾಜ್ಯದ ಲೈಸೆನ್ಸ್ ಕಾನೂನು 1995ರಲ್ಲಿ ಅಂಗೀಕಾರಗೊಂಡದ್ದರ ಹಿಂದೆ ಈ ನೋವು ಇತ್ತು. ಬಾಗಿಲಲ್ಲಿ ಹಾಕಿದ ಫಲಕವನ್ನು ಓದಿ ಹಿಂತಿರುಗುವವನು ಒಳ್ಳೆಯವನು ಮಾತ್ರ ಎಂಬ ಆಕ್ಷೇಪಕ್ಕೆ ಇಂಥ ಘಟನೆಗಳೇ ಬಲ.

ಆದರೆ ಉಪಾಹಾರ ಗೃಹಕ್ಕೆ ಜನ ಜಗಳವಾಡಲು ಹೋಗುವುದಿಲ್ಲ. ಶಾಲಾ ಮಂಡಳಿಗೆ ಹೋಗುವುದು ಬಹುಮಟ್ಟಿಗೆ ಅದಕ್ಕೇ. ಮಗನಿಗೆ ಶಿಕ್ಷೆಯಾಗಿದೆ, ಹತ್ತಿರದ ಶಾಲೆ ಮುಚ್ಚುತ್ತಿದೆ, ತೆರಿಗೆ ಏರಿದೆ, ಪುಸ್ತಕದಲ್ಲಿ ಒಪ್ಪದ ಮಾತಿದೆ: ಪ್ರತಿಯೊಬ್ಬರೂ ತಮ್ಮ ಮಕ್ಕಳ ವಿಷಯವನ್ನು ಹಿಡಿದು, ಮನಸ್ಸಿನಲ್ಲಿ ಕಾವು ತುಂಬಿಕೊಂಡೇ ಬಂದಿರುತ್ತಾರೆ. 2021ರಲ್ಲಿ ಸಾಂಕ್ರಾಮಿಕದ ಕಾಲದ ಮುಖಗವಸಿನ ನಿಯಮದಿಂದಲೂ ಪಾಠ್ಯವಸ್ತುವಿನ ವಿವಾದದಿಂದಲೂ ಈ ಕಾವು ಮಿತಿಮೀರಿತು. ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ಆ ವರ್ಷದ ಜೂನ್ 22ರ ಸಭೆಯನ್ನು ಅರ್ಧಕ್ಕೇ ನಿಲ್ಲಿಸಿ ಜನರನ್ನು ಚದರಿಸಬೇಕಾಯಿತು. ಮಂಡಳಿಗಳ ರಾಷ್ಟ್ರೀಯ ಒಕ್ಕೂಟ ಸೆಪ್ಟೆಂಬರಿನಲ್ಲಿ ಅಧ್ಯಕ್ಷರಿಗೆ ಪತ್ರ ಬರೆದು ಕೇಂದ್ರದ ನೆರವು ಕೇಳಿತು. ಪ್ರತಿಭಟಿಸುವ ಪೋಷಕರನ್ನು ಭಯೋತ್ಪಾದಕರಿಗೆ ಹೋಲಿಸಿದಂತಾಯಿತೆಂದು ಗದ್ದಲವೆದ್ದಾಗ ಅಕ್ಟೋಬರಿನಲ್ಲಿ ತನ್ನ ಪತ್ರದ ಭಾಷೆಗಾಗಿ ಕ್ಷಮೆಯನ್ನೂ ಕೇಳಿತು. 2022ರ ಜನವರಿ 20ರಂದು ಅದೇ ವರ್ಜೀನಿಯಾದ ಪೇಜ್ ಕೌಂಟಿಯ ಸಭೆಯಲ್ಲಿ ಒಬ್ಬ ತಾಯಿ, ತನ್ನ ಮಕ್ಕಳಿಗೆ ಮುಖಗವಸು ಕಡ್ಡಾಯ ಮಾಡಿದರೆ ತುಂಬಿದ ಬಂದೂಕುಗಳೊಂದಿಗೆ ಬರುವುದಾಗಿ ನುಡಿದರು. ಅದು ಮಾತಿನ ಭರದಲ್ಲಿ ಬಂದ ಅಲಂಕಾರವೆಂದು ಬಳಿಕ ಕ್ಷಮೆ ಕೇಳಿದರೂ ಮೊಕದ್ದಮೆ ತಪ್ಪಲಿಲ್ಲ. ಬೇರೊಂದು ದೇಶದಲ್ಲಿ ಇಂಥ ಮಾತನ್ನು ಕೇಳಿ ಜನ ನಕ್ಕುಬಿಡುತ್ತಿದ್ದರೇನೋ. ಪನಾಮಾ ಸಿಟಿಯ ಚಿತ್ರವನ್ನು ನೋಡಿರುವ ಸದಸ್ಯರು ನಗುವ ಸ್ಥಿತಿಯಲ್ಲಿರಲಿಲ್ಲ.

ಲೈಸೆನ್ಸುದಾರರಲ್ಲಿ ಬಹುಮಂದಿ ಸಂಭಾವಿತರೇ. ಆದರೆ ಲೈಸೆನ್ಸು ಎಂಬುದು ಒಬ್ಬ ಮನುಷ್ಯನ ಹಿಂದಿನ ನಡತೆಯ ಪ್ರಮಾಣಪತ್ರ. ಸಾಲ ಕೊಡುವಾಗ ಬ್ಯಾಂಕು ಗಿರಾಕಿಯ ಹಿಂದಿನ ಲೆಕ್ಕವನ್ನು ನೋಡಿಯೂ ಜಾಮೀನು ಕೇಳುತ್ತದೆ. ಏಕೆಂದರೆ ಹಿಂದಿನ ಲೆಕ್ಕ ಮುಂದಿನ ವರ್ಷದ ಮಳೆಯನ್ನು ಹೇಳಲಾರದು. ಅಂತೆಯೇ ಇವತ್ತಿನ ಸಂಜೆ, ಮೂರು ನಿಮಿಷ ಮುಗಿದು ಧ್ವನಿವರ್ಧಕ ನಿಂತಾಗ, ಆ ಮನುಷ್ಯನ ಮನಸ್ಸು ಹೇಗಿರುತ್ತದೆಂದು ಲೈಸೆನ್ಸು ಹೇಳಲಾರದು. ಪಿಸ್ತೂಲು ಹೊರಗೆ ಬಾರದಿದ್ದರೂ ಅದರ ಕೆಲಸ ನಡೆದೇ ಇರುತ್ತದೆ. ಮಿಷಿಗನ್ ರಾಜ್ಯದ ಶಾಸನಸಭೆಯ ಗ್ಯಾಲರಿಯಲ್ಲಿ 2020ರ ಏಪ್ರಿಲ್ 30ರಂದು ಬಂದೂಕುಧಾರಿಗಳು ಬಂದು ನಿಂತಾಗ ಕೆಲವು ಸದಸ್ಯರು ಗುಂಡುನಿರೋಧಕ ಕವಚ ತೊಟ್ಟು ಕುಳಿತಿದ್ದರು. ರಾಜಧಾನಿಯ ಶಾಸಕರ ಪಾಡೇ ಹೀಗಾದರೆ, ಸಂಬಳವಿಲ್ಲದೆ ದುಡಿಯುವ ಶಾಲಾ ಮಂಡಳಿಯ ಸದಸ್ಯೆಯ ಗತಿಯೇನು? ಅದಕ್ಕಿಂತ ಮುಖ್ಯವಾಗಿ, ಹೊಸದಾಗಿ ಬಂದು ನೆಲೆಸಿದ, ಉಚ್ಚಾರಣೆಯ ಬಗ್ಗೆ ಮೊದಲೇ ಅಳುಕಿರುವ, ಮಗುವಿನ ಸಲುವಾಗಿ ಧೈರ್ಯ ಮಾಡಿ ಎದ್ದು ನಿಂತ ತಾಯಿಯ ಗತಿಯೇನು? ಅಂಥ ತಾಯಂದಿರಲ್ಲಿ ಕನ್ನಡ ಮಾತೃಭಾಷೆಯವರೂ ಇದ್ದಾರೆ. ಊರಿನ ಬಹುಮತಕ್ಕೆ ಒಪ್ಪದ ಮಾತನ್ನು ಹೇಳುವವರಿಗೇ ಪಕ್ಕದ ಕುರ್ಚಿಯವನ ಸೊಂಟ ಮೊದಲು ಕಾಣುತ್ತದೆ.

ಭಾರತದಲ್ಲಿ ಲೈಸೆನ್ಸ್ ಪದ್ಧತಿ ಈ ಪ್ರಶ್ನೆಯನ್ನು ಬಹು ಹಿಂದೆಯೇ ನೇರವಾಗಿ ಬಿಡಿಸಿತ್ತು. 1962ರ ಶಸ್ತ್ರಾಸ್ತ್ರ ನಿಯಮಗಳಡಿಯ ಲೈಸೆನ್ಸ್ ಪತ್ರದಲ್ಲೇ ಷರತ್ತು ಅಚ್ಚಾಗಿತ್ತು: ವಿಶೇಷ ಅನುಮತಿಯಿಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಇತರ ಸಾರ್ವಜನಿಕ ಸಮಾರಂಭಕ್ಕೆ, ವಿದ್ಯಾಸಂಸ್ಥೆಯ ಆವರಣಕ್ಕೆ ಶಸ್ತ್ರವನ್ನು ಒಯ್ಯಕೂಡದು. ಶಾಲೆ, ಸಭೆ ಎರಡೂ ಒಂದೇ ವಾಕ್ಯದಲ್ಲಿ! ಬಂದೂಕಿನ ಮೇಲೆ ಅಭಿಮಾನ ಇಲ್ಲಿಯೂ ಇಲ್ಲದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ತೋಕಿಗೆ ಹೂವಿಟ್ಟು ಪೂಜಿಸುವ ಮನೆತನಗಳನ್ನು ಕಂಡವರಿಗೆ, ಆಯುಧವನ್ನು ಗೌರವಿಸುವುದಕ್ಕೂ ಅದನ್ನು ವಾದದ ನಡುವೆ ತಂದಿಡುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ ಇದು ಆರೋಗ್ಯದ ಪ್ರಶ್ನೆಯೂ ಆಗಿದೆ. 2020ರಲ್ಲಿ ಒಂದರಿಂದ 19 ವರ್ಷದವರ ಮರಣಕ್ಕೆ ವಾಹನಾಪಘಾತವನ್ನು ಹಿಂದಿಕ್ಕಿ ಬಂದೂಕೇ ಮೊದಲ ಕಾರಣವಾಯಿತು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ ಮೂರ್ತಿಯವರನ್ನು ಆ ದೇಶದ ಸರ್ಜನ್ ಜನರಲ್ ಪದವಿಗೆ ಹೆಸರಿಸಿದಾಗ, ಬಂದೂಕು ಆರೋಗ್ಯದ ಸಮಸ್ಯೆಯೆಂದು ಅವರು ಮೊದಲೇ ಹೇಳಿದ್ದ ಒಂದು ಮಾತಿಗಾಗಿ ಬಂದೂಕುದಾರರ ರಾಷ್ಟ್ರೀಯ ಸಂಘ ವಿರೋಧಿಸಿ, ನೇಮಕ ತಿಂಗಳುಗಟ್ಟಲೆ ತಡೆಯಿತು. 2014ರ ಡಿಸೆಂಬರ್ 15ರಂದು 51 - 43 ಮತಗಳಿಂದ ಅದು ಅಂಗೀಕಾರವಾಯಿತು. ಎರಡನೆಯ ಅವಧಿಯಲ್ಲಿ, 2024ರ ಜೂನ್ 25ರಂದು, ಅವರು ಬಂದೂಕಿನ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟೆಂದು ಅಧಿಕೃತವಾಗಿ ಸಾರಿದರು. ಗುಂಡು ತಗಲಿದವರಷ್ಟೇ ಅಲ್ಲ, ಅದರ ಭಯದಲ್ಲಿ ಬದುಕುವ ಕುಟುಂಬಗಳ ಮಾನಸಿಕ ಆರೋಗ್ಯವೂ ಕೆಡುತ್ತದೆ ಎಂಬುದನ್ನು ಆ ಪತ್ರ ಒತ್ತಿ ಹೇಳಿತ್ತು. ಸರಕಾರ ಬದಲಾದ ಮೇಲೆ, 2025ರ ಮಾರ್ಚಿಯಲ್ಲಿ, ಅದನ್ನು ಆರೋಗ್ಯ ಇಲಾಖೆಯ ಜಾಲತಾಣದಿಂದ ತೆಗೆದುಹಾಕಲಾಯಿತು.

ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರವರಿ 14ರಂದು ಕೊಲ್ಲಲ್ಪಟ್ಟ 17 ಮಂದಿಯಲ್ಲಿ ಅಲಿಸ್ಸಾ ಎಂಬ ಬಾಲಕಿಯಿದ್ದಳು. ಅವಳ ತಾಯಿ ಲೋರಿ ಅಲ್‌ಹಡೆಫ್ ಅದೇ ವರ್ಷದ ಆಗಸ್ಟಿನಲ್ಲಿ ಬ್ರೌವರ್ಡ್ ಕೌಂಟಿಯ ಶಾಲಾ ಮಂಡಳಿಗೆ ಆಯ್ಕೆಯಾಗಿ, ಮುಂದೆ ಅದರ ಅಧ್ಯಕ್ಷೆಯೂ ಆದರು. ಆಕೆಯ ಮುಂದೆ ಬಂದು ಮಾತನಾಡುವವನು ಪಿಸ್ತೂಲನ್ನು ಒಳಗೆ ತರಕೂಡದೆಂದು ಫ್ಲಾರಿಡಾದ ಕಾನೂನು ಹೇಳುತ್ತದೆ. ವಯೋಮಿಂಗ್ ರಾಜ್ಯದಲ್ಲಿಯೂ ಕೆಲಕಾಲ ಹಿಂದಿನವರೆಗೆ ಇಂಥದೇ ನಿಯಮವಿತ್ತು. ಬಂದೂಕುರಹಿತ ವಲಯಗಳನ್ನು ರದ್ದುಪಡಿಸುವ ವಿಧೇಯಕವನ್ನು ಅಲ್ಲಿನ ರಾಜ್ಯಪಾಲ ಮಾರ್ಕ್ ಗಾರ್ಡನ್ 2024ರಲ್ಲಿ ತಡೆಹಿಡಿದಿದ್ದರು. ಮರುವರ್ಷ ಅದು ಮತ್ತೆ ಬಂದಾಗ ಸಹಿಯನ್ನೂ ಹಾಕದೆ, ತಡೆಯನ್ನೂ ಒಡ್ಡದೆ ಕಾನೂನಾಗಲು ಬಿಟ್ಟರು. 2025ರ ಜುಲೈ 1ರಿಂದ ಅಲ್ಲಿ ಪರವಾನಗಿ ಉಳ್ಳವನು ಸರಕಾರಿ ಸಂಸ್ಥೆಗಳ ಸಭೆಗೂ ಶಾಲೆಗೂ ಪಿಸ್ತೂಲನ್ನು ಬಟ್ಟೆಯೊಳಗೆ ಧರಿಸಿಕೊಂಡು ಹೋಗಬಹುದಾಗಿದೆ. ಧ್ವನಿವರ್ಧಕದ ಮುಂದಿನ ಸಾಲಿನಲ್ಲಿ ಸರದಿ ಕಾಯುವವರಲ್ಲಿ ಯಾರ ಬಳಿ ಅದು ಇದೆ, ಯಾರ ಬಳಿ ಇಲ್ಲ ಎಂಬುದು ಮಂಡಳಿಯವರಿಗೆ ತಿಳಿಯುವುದಿಲ್ಲ.